ನೆರೆಯವರ ಮೌನ ಒಪ್ಪಿಗೆಯೇ?

ಓದುಗ ಮಿತ್ರರೇ, ಪ್ರಶ್ನೆಯೊಂದಕ್ಕೆ ನಾನು ಆತುರದಲ್ಲಿ ಕೊಟ್ಟ ಉತ್ತರದ ಕುರಿತು ಇಂದು ನಿಮ್ಮೊಡನೆ ಮಾತಾಡಬೇಕಾಗಿದೆ.

ನನ್ನ ಹಳೆಯ ಶಿಷ್ಯನೊಬ್ಬ ಕೊಲ್ಲಿಯಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳಿ ಒಂದು ಕಾರು ಕೊಂಡನು. ಒಂದು ಸಂಜೆ ಮಗ್ರಿಬ್ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ, “ಉಸ್ತಾದ್, ಕಾರಿನ ಕಂಪೆನಿ ಸ್ಟೀರಿಯೋಗೆ ಒಂದು ಸಬ್‌ವೂಫರ್ ಹಾಕಿಸಬೇಕೆಂದಿದ್ದೇನೆ. ಸಿನಿಮಾ ಹಾಡು ಕೇಳುವುದಿಲ್ಲ. ಕಿರಾಅತ್ ಮತ್ತು ದಫ್ ಇರುವ ನಶೀದ್ ಮಾತ್ರ. ಅಡ್ಡಿಯಿಲ್ಲವಲ್ಲ?” ಎಂದು ಕೇಳಿದನು.

“ಒಳ್ಳೆಯದನ್ನು ಕೇಳುವುದಾದರೆ ಅಡ್ಡಿಯೇನು?” ಎಂದು ಹೇಳಿ ನಾನು ಚಪ್ಪಲಿ ಮೆಟ್ಟಿಕೊಂಡೆ.

ಸಂಗೀತದ ಕುರಿತು ವಿದ್ವಾಂಸರ ನಡುವೆ ಇರುವ ಚರ್ಚೆ ನಿಮಗೆ ತಿಳಿದದ್ದೇ. ಅದು ಇಂದಿನ ವಿಷಯವಲ್ಲ. ನನ್ನ ತಪ್ಪು ಬೇರೆಡೆ ಇತ್ತು. ಅವನು ಏನನ್ನು ಕೇಳುತ್ತಾನೆ ಎಂಬುದನ್ನಷ್ಟೇ ನಾನು ಯೋಚಿಸಿದೆ. ಅದನ್ನು ಇನ್ನು ಯಾರೆಲ್ಲ ಕೇಳಬೇಕಾಗುತ್ತದೆ ಎಂದು ಯೋಚಿಸಲಿಲ್ಲ.

ಈ ಸಬ್‌ವೂಫರ್ ಎಂದರೇನೆಂದು ಮೊದಲು ತಿಳಿಯೋಣ. ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಗ್ರಹಿಸುತ್ತದೆ. ಕಾರಿನೊಂದಿಗೆ ಬರುವ ಬಾಗಿಲ ಸ್ಪೀಕರ್‌ಗಳು ಚಿಕ್ಕವು. ಕಂಪೆನಿ ಸ್ಟೀರಿಯೋ ಅವುಗಳಿಗೆ ಕೊಡುವ ನೈಜ ಶಕ್ತಿ ಸಾಮಾನ್ಯವಾಗಿ ಒಂದೊಂದಕ್ಕೆ 15ರಿಂದ 20 ವಾಟ್‌ನಷ್ಟೇ. ತೀರಾ ತಗ್ಗಿನ ಧ್ವನಿಯನ್ನು ಹೊರಡಿಸಲು ಬಹಳ ಗಾಳಿಯನ್ನು ತಳ್ಳಬೇಕಾಗುತ್ತದೆ, ಅದು ಅವುಗಳಿಂದ ಆಗದು. ಆ ಕೆಲಸಕ್ಕೆಂದೇ ಡಿಕ್ಕಿಯಲ್ಲಿ ಹತ್ತೋ ಹನ್ನೆರಡೋ ಇಂಚಿನ ಸ್ಪೀಕರ್ ಇರುವ ಮರದ ಪೆಟ್ಟಿಗೆಯೊಂದನ್ನು ಇಡುತ್ತಾರೆ. ಹಳೆಯ ಸ್ಟೀರಿಯೋವನ್ನು ಕಿತ್ತೆಸೆಯಬೇಕಾಗಿಲ್ಲ. ಹಿಂಬದಿಯ ಸ್ಪೀಕರ್‌ಗೆ ಹೋಗುವ ವೈರಿನಿಂದಲೇ ಧ್ವನಿಯ ಸಂಕೇತವನ್ನು ಕವಲೊಡೆಸಿ ಪ್ರತ್ಯೇಕ ಆಂಪ್ಲಿಫೈಯರ್‌ಗೆ ಕೊಡುತ್ತಾರೆ. ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದ ನೇರವಾಗಿ ದಪ್ಪನೆಯ ವೈರ್ ಎಳೆಯುತ್ತಾರೆ. ಸುಮಾರು 80 ಹರ್ಟ್ಸ್‌ಗಿಂತ ಮೇಲಿನ ಧ್ವನಿಯನ್ನು ಸೋಸಿ ತೆಗೆದು ಕೆಳಗಿನದನ್ನು ಮಾತ್ರ ಪೆಟ್ಟಿಗೆಗೆ ಬಿಡುತ್ತಾರೆ. (ಆ ದಪ್ಪ ವೈರಿಗೆ ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್ ಇರಬೇಕು. ಇಲ್ಲವಾದರೆ ವೈರ್ ಎಲ್ಲಾದರೂ ಉಜ್ಜಿ ಕಾರಿನ ಲೋಹಕ್ಕೆ ತಾಗಿದಾಗ ಬೆಂಕಿ ಹೊತ್ತಿಕೊಳ್ಳಬಹುದು. ನಾಲ್ಕು ಕಾಸು ಉಳಿಸಲು ಫ್ಯೂಸ್ ಬಿಡುವ ಕೆಲಸಗಾರ ತನಗೊಪ್ಪಿಸಿದ ಅಮಾನತ್ತಿಗೆ ದ್ರೋಹ ಬಗೆಯುತ್ತಾನೆಂದು ಹೇಳಲು ನನಗೆ ಸಂಕೋಚವಿಲ್ಲ.)

ಇಲ್ಲಿ ಒಂದು ವಿಷಯ ಗಮನಿಸಿ. ಪುರುಷರ ಸಾಮಾನ್ಯ ಕಂಠಧ್ವನಿಯ ಮೂಲ ಸ್ವರ ಬಹುತೇಕ 80 ಹರ್ಟ್ಸ್‌ಗಿಂತ ಮೇಲೆಯೇ ಇರುತ್ತದೆ. ಹಾಗಾದರೆ ಓರ್ವ ಕಾರಿ ಪವಿತ್ರ ಕುರ್‌ಆನ್ ಪಾರಾಯಣ ಮಾಡುವಾಗ ಡಿಕ್ಕಿಯ ಪೆಟ್ಟಿಗೆಗೆ ಕೆಲಸವೇ ಇಲ್ಲ! ಅದು ಸುಮ್ಮನೆ ಕೂತಿರುತ್ತದೆ. ಅದು ಎಚ್ಚರಗೊಳ್ಳುವುದು ದಫ್ ಬಡಿದಾಗ, ಅಥವಾ ಈಗಿನ ನಶೀದ್‌ಗಳಿಗೆ ಕಂಪ್ಯೂಟರಿನಲ್ಲಿ ಸೇರಿಸುವ ಗುಡುಗಿನ ಸದ್ದು ಬಂದಾಗ. ಆದುದರಿಂದ “ಕಿರಾಅತ್‌ಗಾಗಿ ಹಾಕಿಸಿದ್ದೇನೆ” ಎನ್ನುವವನು ನನ್ನನ್ನು ಒಪ್ಪಿಸುವ ಮೊದಲು ತನ್ನ ಮನಸ್ಸನ್ನು ಕೇಳಿಕೊಳ್ಳಲಿ. ಎದೆಗೆ ತಟ್ಟುವ ಆ ‘ಧುಂ’ ಎಂಬುದು ಅವನಿಗೆ ಬೇಕಾಗಿದೆ. ಬೇಕೆನ್ನುವುದು ಪಾಪವಲ್ಲ. ಅದಕ್ಕೆ ಕುರ್‌ಆನಿನ ಹೆಸರು ಹೇಳಬೇಕಾಗಿಲ್ಲ ಅಷ್ಟೆ.

ಇನ್ನು ಆ ಧ್ವನಿಯ ಸ್ವಭಾವ. 10,000 ಹರ್ಟ್ಸ್‌ನ ಅಲೆಯ ಉದ್ದ ಗಾಳಿಯಲ್ಲಿ ಮೂರೂವರೆ ಸೆಂಟಿಮೀಟರಿನಷ್ಟು. ಒಂದು ಗಾಜು, ಒಂದು ದಪ್ಪ ಪರದೆ ಅದನ್ನು ತಗ್ಗಿಸಬಲ್ಲುದು. 50 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 7 ಮೀಟರ್. ಕಾರಿನ ಉದ್ದಕ್ಕಿಂತಲೂ ಹೆಚ್ಚು. ಅದಕ್ಕೆ ಕಾರಿನ ಗಾಜು, ತಗಡು ಯಾವ ಲೆಕ್ಕವೂ ಅಲ್ಲ. ಮನೆಯ ಗೋಡೆಯೂ ಅದನ್ನು ಅಷ್ಟಾಗಿ ತಡೆಯದು. ಕಾರಿನ ಕಿಟಕಿ ಮುಚ್ಚಿದರೆ ಮಾತು ಒಳಗೆ ಉಳಿಯುತ್ತದೆ, ಪದ ಒಳಗೆ ಉಳಿಯುತ್ತದೆ, ಬಡಿತ ಮಾತ್ರ ಹೊರಗೆ ಬರುತ್ತದೆ. ಒಳಗಿದ್ದವನು ಪ್ರವಾದಿ(ಸ)ಯವರ ಪ್ರಶಂಸೆಯನ್ನು ಕೇಳುತ್ತಿರುತ್ತಾನೆ. ಹೊರಗಿದ್ದವನಿಗೆ ಸಿಗುವುದು ಅದರ ಅರ್ಥವಲ್ಲ, ಬರಿಯ ನಡುಕ.

ಈಗ ನಡೆದದ್ದನ್ನು ಹೇಳುತ್ತೇನೆ. ಶಿಷ್ಯನ ಮನೆ ನಮ್ಮ ಓಣಿಯಲ್ಲೇ. ಪೆಟ್ಟಿಗೆ ಬಂದ ಮೇಲೆ ಅವನು ಇಶಾ ಕಳೆದು ಕಾರನ್ನು ಓಣಿಯಲ್ಲಿ ನಿಲ್ಲಿಸಿ, ಕಿಟಕಿ ಏರಿಸಿ, ಒಂದಿಬ್ಬರು ಗೆಳೆಯರೊಂದಿಗೆ ಅರ್ಧ ಗಂಟೆ ಕೂತು ಕೇಳುವುದು ರೂಢಿಯಾಯಿತು. ನಮ್ಮ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಸ್ಟ್ಯಾಂಡಿನಲ್ಲಿ ಒಂದಕ್ಕೊಂದು ತಾಗಿ ಸದ್ದು ಮಾಡತೊಡಗಿದವು. ಮಕ್ಕಳಿಗೆ ಅದು ತಮಾಷೆ. ನಮಗೂ ಅವನಿಗೂ ನಡುವೆ ಒಂದು ಹಿಂದೂ ಕುಟುಂಬದ ಮನೆಯಿದೆ. ಆ ಮನೆಯ ಯಜಮಾನರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರು. ರಸ್ತೆಗೆ ತಾಗಿದ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದಲ್ಲಿ ಅವರ ಮಂಚ. ಬರಹೋಗುವವರನ್ನು ನೋಡುವುದೊಂದೇ ಅವರ ಹೊತ್ತು ಕಳೆಯುವ ದಾರಿ.

ಒಂದು ದಿನ ಅವರ ಪತ್ನಿ ಬಾವಿಕಟ್ಟೆಯ ಬಳಿ ಸಿಕ್ಕಾಗ, “ಅಕ್ಕ, ಹುಡುಗರ ಕಾರಿನ ಸದ್ದಿನಿಂದ ತೊಂದರೆಯೇನೂ ಇಲ್ಲ ತಾನೆ?” ಎಂದು ಕೇಳಿದೆ. “ಪರವಾಗಿಲ್ಲ ಮಾಸ್ಟ್ರೇ, ಮಕ್ಕಳಲ್ಲವಾ” ಎಂದರು. ನನಗೆ ನಿರಾಳವಾಯಿತು. ಶಿಷ್ಯನಿಗೂ ಹೇಳಿದೆ.

ಎರಡು ತಿಂಗಳ ಬಳಿಕ ರೋಗಿಯನ್ನು ಕಂಡುಬರಲೆಂದು ಆ ಮನೆಗೆ ಹೋದೆ. ಕಿಟಕಿಯ ಪಕ್ಕದಲ್ಲಿ ಮಂಚವಿರಲಿಲ್ಲ. ಹಿಂದಿನ ಕೋಣೆಯಲ್ಲಿ, ಸೌದೆ ಮತ್ತು ಅಕ್ಕಿಯ ಡಬ್ಬಗಳ ನಡುವೆ, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. “ಅಲ್ಲಿ ಇವರಿಗೆ ರಾತ್ರಿ ಎದೆ ಹೊಡೆದುಕೊಳ್ಳುತ್ತದೆ ಅಂತಾರೆ, ಇಲ್ಲಿ ಸ್ವಲ್ಪ ಸುಮಾರಾಗಿದೆ” ಎಂದು ಆಕೆ ಚಹಾ ತಂದಿಟ್ಟರು. ಕಾರಿನ ಹೆಸರೆತ್ತಲಿಲ್ಲ. ಆ ಚಹಾವನ್ನು ಹೇಗೆ ಕುಡಿದೆನೋ ತಿಳಿಯದು.

ಓದುಗರೇ, “ಪರವಾಗಿಲ್ಲ” ಎಂದ ಮೇಲೆ ನಮ್ಮ ಹೊಣೆ ಮುಗಿಯಿತಲ್ಲವೇ ಎಂದು ನೀವು ಕೇಳಬಹುದು. ಮೌನವೇ ಸಮ್ಮತಿಯ ಲಕ್ಷಣ ಎಂಬ ಮಾತು ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಮದ್ರಸದಲ್ಲಿ ಓದಿದವರು ಇನ್ನೊಂದನ್ನೂ ನೆನಪಿಸಬಹುದು. ವಿವಾಹದ ವಿಷಯದಲ್ಲಿ ಕನ್ಯೆಯ ಮೌನವನ್ನು ಒಪ್ಪಿಗೆಯೆಂದು ಪ್ರವಾದಿ(ಸ)ಯವರು ಪರಿಗಣಿಸಿದ್ದಾರೆಂದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಆದರೆ ಆ ಹದೀಸನ್ನು ಪೂರ್ತಿಯಾಗಿ ನೋಡಿ. ಅಲ್ಲಿ ಮೊದಲ ಆದೇಶವೇ ಆಕೆಯನ್ನು ಕೇಳಬೇಕೆಂಬುದು. ಆಕೆಗೆ ‘ಬೇಡ’ ಎನ್ನುವ ಅವಕಾಶ ಕೊಟ್ಟ ಮೇಲೆ, ಲಜ್ಜೆಯಿಂದ ‘ಹೌದು’ ಎನ್ನಲಾರದೆ ಸುಮ್ಮನಿದ್ದರೆ ಆ ಮೌನ ಒಪ್ಪಿಗೆ. ನಮ್ಮ ನೆರೆಯವರನ್ನು ಯಾರು ಕೇಳಿದರು? ಇಮಾಮ್ ಶಾಫಿಈ(ರ)ಯವರದೆಂದು ಪ್ರಸಿದ್ಧವಾದ ಸೂತ್ರವೊಂದಿದೆ. ಸುಮ್ಮನಿರುವವನ ಬಾಯಿಗೆ ಯಾವ ಮಾತನ್ನೂ ತುರುಕಬಾರದು ಎಂಬುದು ಅದರ ತಾತ್ಪರ್ಯ.

‘ನೀವು ಕೇಳಿದಿರಲ್ಲ’ ಎನ್ನುತ್ತೀರಿ. ಹೌದು, ಕೇಳಿದೆ. ಹೇಗೆ ಕೇಳಿದೆ? “ತೊಂದರೆಯೇನೂ ಇಲ್ಲ ತಾನೆ?” ಎಂದು. ಉತ್ತರವನ್ನು ನಾನೇ ಕಟ್ಟಿ ಆಕೆಯ ಕೈಗಿಟ್ಟಿದ್ದೆ. ಸುತ್ತಲೂ ನಮ್ಮವರ ಮನೆಗಳಿರುವ ಓಣಿಯಲ್ಲಿ, ಹಾಸಿಗೆ ಹಿಡಿದ ಗಂಡನೊಂದಿಗೆ ಇರುವ ಆ ಹೆಂಗಸು, ಮಸೀದಿಯ ಮಾಸ್ಟರೊಬ್ಬ ಬಾವಿಕಟ್ಟೆಯಲ್ಲಿ ನಿಂತು ಕೇಳಿದರೆ ಬೇರೇನು ಹೇಳಬೇಕಿತ್ತು? ಈ ಕಾಲದಲ್ಲಿ ಒಂದು ಸಣ್ಣ ದೂರು ಎರಡು ಸಮುದಾಯಗಳ ವಿಷಯವಾಗಿ ಬೆಳೆಯಬಹುದೆಂಬ ಭಯ ಆಕೆಗೂ ಇದೆ, ನಮಗೂ ಇದೆ. ಮೆರವಣಿಗೆಯೊಂದು ಡಿ.ಜೆ. ಹಾಕಿಕೊಂಡು ನಮ್ಮ ಮನೆಗಳ ಮುಂದೆ ನಿಂತಾಗ ಕಿಟಕಿಯ ಗಾಜು ನಡುಗುವುದು, ಮಗು ಬೆಚ್ಚಿ ಅಳುವುದು ನಮಗೆ ಗೊತ್ತಿಲ್ಲವೇ? ಮರುದಿನ ಅದೇ ಮೆರವಣಿಗೆಯಲ್ಲಿದ್ದ ಪರಿಚಯದವನು “ನಿನ್ನೆ ತೊಂದರೆಯಾಯಿತಾ?” ಎಂದು ಕೇಳಿದರೆ ನಾವೂ “ಪರವಾಗಿಲ್ಲ” ಎನ್ನುತ್ತೇವೆ. ಆ ‘ಪರವಾಗಿಲ್ಲ’ದ ಒಳಗೆ ಏನಿದೆಯೆಂದು ನಮಗಿಂತ ಚೆನ್ನಾಗಿ ಯಾರಿಗೆ ತಿಳಿದಿದೆ?

‘ಕಾರು ನನ್ನದು, ದುಡ್ಡು ನನ್ನದು, ಕಿಟಕಿಯನ್ನೂ ಮುಚ್ಚಿದ್ದೇನೆ’ ಎಂಬ ವಾದ ಹಗುರವಾದುದಲ್ಲ. ನಮ್ಮ ಫಿಕ್ಹ್ ಒಡೆತನದ ಹಕ್ಕನ್ನು ಗೌರವಿಸುತ್ತದೆ. ಉಸ್ಮಾನಿ ಸಾಮ್ರಾಜ್ಯದಲ್ಲಿ 1869ರಿಂದ 1876ರ ನಡುವೆ ಅಹ್ಮದ್ ಜೌದತ್ ಪಾಷಾರ ನೇತೃತ್ವದಲ್ಲಿ ಹನಫಿ ಫಿಕ್ಹ್‌ನ ಆಧಾರದಲ್ಲಿ ಸಿದ್ಧಗೊಂಡ ‘ಮಜಲ್ಲ’ ಎಂಬ ಕಾನೂನು ಸಂಹಿತೆ, ಒಬ್ಬನು ತನ್ನ ಸೊತ್ತನ್ನು ಬಳಸುವುದನ್ನು ಸುಮ್ಮನೆ ತಡೆಯುವಂತಿಲ್ಲವೆಂದು 1197ನೇ ಕಲಮಿನಲ್ಲಿ ಹೇಳುತ್ತದೆ. ಆದರೆ ಅದರ ಬೆನ್ನಿಗೇ, ಇನ್ನೊಬ್ಬರಿಗೆ ಅತಿಯಾದ ಹಾನಿಯಾಗುವುದಾದರೆ ಅದನ್ನು ನಿವಾರಿಸಲೇಬೇಕೆನ್ನುತ್ತದೆ. 1200ನೇ ಕಲಮಿನಲ್ಲಿ ಅಂತಹ ಹಾನಿಗೆ ಕೊಡುವ ಮೊದಲ ಉದಾಹರಣೆಯೇನು ಗೊತ್ತೇ? ಮನೆಗೆ ತಾಗಿ ಕಮ್ಮಾರಸಾಲೆಯೋ ಗಿರಣಿಯೋ ಬಂದು, ಸುತ್ತಿಗೆಯ ಬಡಿತದಿಂದ ಅಥವಾ ಗಿರಣಿಯ ತಿರುಗಾಟದಿಂದ ಆ ಮನೆಯ ಕಟ್ಟಡ ದುರ್ಬಲವಾಗುವುದು. ಕಂಪನವೂ ಗಡಿ ದಾಟುವ ಹಾನಿಯೆಂದು ಆ ವಿದ್ವಾಂಸರು ಸಬ್‌ವೂಫರ್ ಹುಟ್ಟುವ ಮೊದಲೇ ಬರೆದಿಟ್ಟಿದ್ದರು. ಕರಾವಳಿಯ ನಮ್ಮಲ್ಲಿ ಹೆಚ್ಚಿನವರು ಶಾಫಿಈಗಳು ನಿಜ. ಆದರೆ ಗೋಡೆ ನಡುಗುವುದಕ್ಕೆ ಮದ್‌ಹಬ್‌ನ ಭೇದವಿಲ್ಲ.

ಬುಖಾರಿಯಲ್ಲಿ ಬಂದ ಹಡಗಿನ ದೃಷ್ಟಾಂತವನ್ನು ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೇನೆ. ಕೆಳ ಅಂತಸ್ತಿನವರು ನೀರಿಗಾಗಿ ತಮ್ಮ ಪಾಲಿನ ಜಾಗದಲ್ಲಿ ತೂತು ಕೊರೆಯಲು ಹೊರಡುತ್ತಾರೆ. ಅವರ ಉದ್ದೇಶವೇನೆಂದು ಈಗ ಮತ್ತೆ ಓದಿದಾಗ ಬೆರಗಾದೆ. ಮೇಲಿನವರಿಗೆ ಮತ್ತೆ ಮತ್ತೆ ತೊಂದರೆ ಕೊಡಬಾರದೆಂಬುದೇ ಅವರ ಉದ್ದೇಶ! ಒಳ್ಳೆಯ ಮನಸ್ಸು, ತಮ್ಮದೇ ಜಾಗ. ಆದರೂ ನೀರು ಇಡೀ ಹಡಗಿಗೆ ನುಗ್ಗುತ್ತದೆ. ಕಿಟಕಿ ಏರಿಸಿ ಕೂತ ನನ್ನ ಶಿಷ್ಯನದೂ ಇದೇ ಸ್ಥಿತಿ.

ಇನ್ನು ‘ಕೇಳುತ್ತಿರುವುದು ಪುಣ್ಯದ ಮಾತಲ್ಲವೇ’ ಎಂಬುದು. ಮಸೀದಿಯಲ್ಲಿ ಇಅ್‌ತಿಕಾಫ್ ಕುಳಿತಿದ್ದ ಪ್ರವಾದಿ(ಸ)ಯವರು, ಜನರು ಗಟ್ಟಿಯಾಗಿ ಕುರ್‌ಆನ್ ಓದುವುದನ್ನು ಕೇಳಿ ಪರದೆ ಸರಿಸಿ, ನೀವೆಲ್ಲರೂ ನಿಮ್ಮ ಪ್ರಭುವಿನೊಂದಿಗೆ ಸಂಭಾಷಿಸುತ್ತಿರುವವರು, ಓದಿನಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ದನಿಯೇರಿಸಿ ಪೀಡಿಸಬೇಡಿ ಎಂಬರ್ಥದಲ್ಲಿ ತಿದ್ದಿದರೆಂದು ಅಬೂದಾವೂದ್‌ನಲ್ಲಿದೆ. ಓದುತ್ತಿದ್ದುದು ಕುರ್‌ಆನ್, ಸ್ಥಳ ಮಸೀದಿ, ಕೇಳುವವರೂ ವಿಶ್ವಾಸಿಗಳೇ. ಅಲ್ಲಿಯೂ ಪೀಡೆ ಪೀಡೆಯೇ ಆಯಿತು. ಹಾಗಿರುವಾಗ ದಫ್‌ನ ಬಡಿತ ಗೋಡೆ ತೂರಿ ರೋಗಿಯ ಎದೆಗೆ ತಲುಪಿದರೆ?

ಕಾನೂನು ಇದೆಯಲ್ಲವೇ ಎನ್ನುವಿರಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಎಂದು ಮಿತಿಯಿಟ್ಟವು. ಆ ಅಳತೆಯಲ್ಲೊಂದು ಸೂಕ್ಷ್ಮವಿದೆ. ತಗ್ಗಿನ ಧ್ವನಿ ಕಿವಿಗೆ ಮಂದವಾಗಿ ಕೇಳುವುದರಿಂದ ಮಾಪಕವೂ ಅದನ್ನು ಕಡಿಮೆಯಾಗಿಯೇ ಲೆಕ್ಕ ಹಿಡಿಯುತ್ತದೆ. 50 ಹರ್ಟ್ಸ್‌ನ ಧ್ವನಿಗೆ ಸುಮಾರು 30 ಡೆಸಿಬಲ್ ಕಳೆಯುತ್ತದೆ. ಕಾನೂನಿನ ಮಾಪಕ ಹಿಡಿದು ಬಂದವರು ‘ಮಿತಿಯೊಳಗಿದೆ’ ಎಂದು ಬರೆದುಕೊಂಡು ಹೋಗಬಹುದು, ಮಂಚ ನಡುಗುತ್ತಲೇ ಇರಬಹುದು. ನೆರೆಯವನು ಯಾರ ಕಿರುಕುಳದಿಂದ ನಿರ್ಭಯನಲ್ಲವೋ ಅವನ ಈಮಾನನ್ನೇ ಪ್ರವಾದಿ(ಸ)ಯವರು ಮೂರು ಬಾರಿ ಆಣೆಯಿಟ್ಟು ನಿರಾಕರಿಸಿದರು. ಅಲ್ಲಿ ಡೆಸಿಬಲ್‌ನ ಲೆಕ್ಕವಿಲ್ಲ. ನೆರೆಯವನ ನಿರ್ಭಯತೆಯೇ ಅಳತೆ.

ಹಾಗೆಂದು ಪೆಟ್ಟಿಗೆಯನ್ನು ಕಿತ್ತೆಸೆಯಿರೆಂದು ನಾನು ಫತ್ವಾ ಕೊಡಲಾರೆ. ಖಾಲಿ ಹೆದ್ದಾರಿಯಲ್ಲಿ, ಹಿತವಾದ ಮಟ್ಟದಲ್ಲಿ ಕೇಳುವವನಿಂದ ಯಾರಿಗೂ ನಷ್ಟವಿಲ್ಲ. ಓಣಿ ಹೆದ್ದಾರಿಯಲ್ಲ, ಅಷ್ಟೇ.

ಚಹಾ ಕುಡಿದು ಬಂದ ರಾತ್ರಿಯೇ ಶಿಷ್ಯನನ್ನು ಕರೆದು, ಮೊದಲು ನಾನು ಕೊಟ್ಟ ಉತ್ತರ ತಪ್ಪಾಗಿತ್ತೆಂದು ಹೇಳಿದೆ. ಮರುದಿನ ಅಸರ್ ಬಳಿಕ ಇಬ್ಬರೂ ಆ ಮನೆಗೆ ಹೋದೆವು. ಈ ಸಲ ‘ತೊಂದರೆಯಿಲ್ಲ ತಾನೆ’ ಎನ್ನಲಿಲ್ಲ. “ಅಕ್ಕ, ನಮ್ಮ ಸದ್ದಿನಿಂದಲೇ ಅಣ್ಣನ ಮಂಚ ಹಿಂದೆ ಹೋಯಿತೆಂದು ನನಗೆ ಅರ್ಥವಾಗಿದೆ. ಎಷ್ಟಾದರೆ ಒಳಗೆ ಬರುತ್ತದೆಂದು ಇವನು ಇಲ್ಲಿ ನಿಂತು ನೋಡಲಿ” ಎಂದೆ. ಅವನು ಮುಂದಿನ ಕೋಣೆಯಲ್ಲಿ ಕಿಟಕಿಯ ಗಾಜಿಗೆ ಅಂಗೈ ಒತ್ತಿ ನಿಂತನು. ನಾನು ಕಾರಿನಲ್ಲಿ ಕೂತು, ಅವನು ರಾತ್ರಿ ಇಡುತ್ತಿದ್ದಷ್ಟೇ ಧ್ವನಿ ಇಟ್ಟೆ. ಒಂದೇ ನಿಮಿಷಕ್ಕೆ ಅವನು ಹೊರಗೆ ಬಂದು ಕೈಬೀಸಿ ನಿಲ್ಲಿಸಲು ಹೇಳಿದನು. “ಉಸ್ತಾದ್, ಒಳಗೆ ಕೂತವನಿಗೆ ಇದು ಗೊತ್ತೇ ಆಗುವುದಿಲ್ಲ” ಎಂದನು.

ಆಂಪ್ಲಿಫೈಯರ್‌ನಿಂದ ಡ್ಯಾಶ್‌ಬೋರ್ಡಿಗೆ ಎಳೆದ ಸಣ್ಣ ಬಾಸ್ ತಿರುಗಣೆಯೊಂದು ಅವನ ಕಾರಿನಲ್ಲಿದೆ. ಓಣಿಯ ತಿರುವಿನಲ್ಲಿರುವ ಹಾಲಿನ ಡೈರಿ ದಾಟುವ ಮುಂಚೆ ಅದನ್ನು ಸೊನ್ನೆಗಿಳಿಸುತ್ತಾನೆ. ನಿಂತ ಕಾರಿನಲ್ಲಿ ಕೂತು ಕೇಳುವುದನ್ನು ಬಿಟ್ಟಿದ್ದಾನೆ. ಗೆಳೆಯರಲ್ಲಿ ಒಬ್ಬನು ಇದಕ್ಕಾಗಿ ಅವನನ್ನು ಗೇಲಿ ಮಾಡುತ್ತಾನಂತೆ. ಮಂಚವನ್ನು ಮತ್ತೆ ಮುಂದಿನ ಕೋಣೆಗೆ ತರಲು ನಾಲ್ಕು ಜನ ಬೇಕು. ಬರುವ ಭಾನುವಾರ ಬರುತ್ತೇವೆಂದು ಹೇಳಿದ್ದೇವೆ. ಆಕೆ ಇನ್ನೂ “ನೋಡುವ ಮಾಸ್ಟ್ರೇ” ಎಂದಷ್ಟೇ ಹೇಳಿದ್ದಾರೆ.