ಪರದೆಯಾಚೆಯ ವಾಸನೆ

ಬೇಡವಾದ ನೋಟ ಎದುರಾದರೆ ಕಣ್ಣು ಮುಚ್ಚಿಕೊಳ್ಳಬಹುದು. ಬೇಡವಾದ ಮಾತು ಬಿದ್ದರೆ ಕಿವಿಗೆ ಬೆರಳಿಟ್ಟುಕೊಳ್ಳಬಹುದು. ಮೂಗಿಗೆ ಮಾತ್ರ ಸೃಷ್ಟಿಕರ್ತನು ಬಾಗಿಲಿಡಲಿಲ್ಲ. ಬಾಯಲ್ಲಿ ಉಸಿರಾಡಬಹುದಲ್ಲ ಎಂದು ತಾರ್ಕಿಕರು ಹೇಳಿಯಾರು. ಹೇಳಲಿ, ಹಾಗೆ ಎಷ್ಟು ಹೊತ್ತು ಕುಳಿತಿರುತ್ತಾರೆಂದು ನೋಡೋಣ.

ಈ ಮಾತು ಈಗೇಕೆಂದರೆ, ಕಂಪ್ಯೂಟರಿನ ಪರದೆಯ ಚಿತ್ರಕ್ಕೂ ಶಬ್ದಕ್ಕೂ ವಾಸನೆಯನ್ನು ಜೋಡಿಸಬೇಕೆಂಬ ಹಟ ಕೆಲವು ಬುದ್ಧಿವಂತರನ್ನು ಇನ್ನೂ ಬಿಟ್ಟಿಲ್ಲ. ಹಟ ಹಳೆಯದೇ. 1959ರ ಕೊನೆಯಲ್ಲಿ ಅಮೆರಿಕದಲ್ಲಿ, ಚೀನ ದೇಶವನ್ನು ಕುರಿತ ಒಂದು ಸಾಕ್ಷ್ಯಚಿತ್ರವನ್ನು ತೋರಿಸುತ್ತ ಚಿತ್ರಮಂದಿರದ ಹವಾನಿಯಂತ್ರಣದ ಕೊಳವೆಗಳ ಮೂಲಕ ಪರಿಮಳವನ್ನು ಹರಿಯಬಿಟ್ಟರು. ಅದಕ್ಕೆ 'ಅರೋಮರಾಮ' ಎಂದು ಹೆಸರು. ಅದರ ಬೆನ್ನಿಗೇ, 1960ರ ಜನವರಿಯಲ್ಲಿ, ಮೈಕ್ ಟಾಡ್ ಜೂನಿಯರ್ 'ಸೆಂಟ್ ಆಫ್ ಮಿಸ್ಟರಿ' ಎಂಬ ಚಿತ್ರವನ್ನು ತಂದರು. ಅದರಲ್ಲಿ ಹಾನ್ಸ್ ಲೌಬೆ ಎಂಬವರು ರೂಪಿಸಿದ 'ಸ್ಮೆಲ್-ಓ-ವಿಷನ್' ಏರ್ಪಾಡು; ಆಸನ ಆಸನಕ್ಕೂ ಒಂದೊಂದು ಕೊಳವೆ. ಕೊಲೆಗಾರನ ಗುರುತೇ ಅವನ ಪೈಪಿನ ಹೊಗೆಸೊಪ್ಪಿನ ವಾಸನೆ. ಆದರೆ ಕೊಳವೆಗಳು ಬುಸುಗುಟ್ಟಿದವು. ಕೆಲವರ ಮೂಗಿಗೆ ವಾಸನೆ ಬರುವಷ್ಟರಲ್ಲಿ ಪರದೆಯ ಮೇಲೆ ದೃಶ್ಯವೇ ಬದಲಾಗಿರುತ್ತಿತ್ತು. ಸಾಹಸ ಅಲ್ಲಿಗೇ ಮುಗಿಯಿತು. 1999ರಲ್ಲಿ 'ಡಿಜಿಸೆಂಟ್ಸ್' ಎಂಬ ಕಂಪನಿ ಕಂಪ್ಯೂಟರಿಗೆ ಅಂಟಿಸುವ 'ಐಸ್ಮೆಲ್' ಯಂತ್ರವನ್ನು ಪ್ರಕಟಿಸಿ, 2001ರಲ್ಲಿ ಬಾಗಿಲು ಹಾಕಿತು. ಇವೆಲ್ಲಕ್ಕಿಂತ ಯಶಸ್ವಿಯಾದದ್ದು ಬಿ.ಬಿ.ಸಿ.ಯವರ ಪ್ರಯೋಗವೇ ಇರಬೇಕು. 1965ರ ಏಪ್ರಿಲ್ ಒಂದರಂದು ಟೆಲಿವಿಷನ್ನಿನಲ್ಲಿ ಒಬ್ಬ 'ಪ್ರೊಫೆಸರರು' ಕಾಫಿಯ, ಈರುಳ್ಳಿಯ ವಾಸನೆಯನ್ನು ಕಳಿಸುತ್ತೇನೆಂದರು. ನಮಗೆ ವಾಸನೆ ಬಂತೆಂದು ವೀಕ್ಷಕರಿಂದ ದೂರವಾಣಿ ಕರೆಗಳೂ ಬಂದವು. ಯಂತ್ರವೇ ಇಲ್ಲದೆ!

ಇದೇಕೆ ಇಷ್ಟು ಕಷ್ಟ? ಬಣ್ಣವನ್ನು ಗುರುತಿಸಲು ನಮ್ಮ ಕಣ್ಣಿಗೆ ಮೂರು ಬಗೆಯ ಗ್ರಾಹಕಗಳು ಸಾಕು; ಮೂಗಿಗೆ ಸುಮಾರು 400 ಬಗೆಯವು ಬೇಕು. ಈ ಗ್ರಾಹಕಗಳ ಗುಟ್ಟನ್ನು ಬಿಡಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಹುಮಾನ ಬಂತು. ಇನ್ನೊಂದು ಕಾರಣವನ್ನು ನಮ್ಮ ನೈಯಾಯಿಕರು ತಮ್ಮ ರೀತಿಯಲ್ಲಿ ಎಂದೋ ಕಂಡಿದ್ದರು. ಗಂಧವು ಪೃಥ್ವಿಯ ಗುಣ ಎಂದರು ಅವರು. ಮಲ್ಲಿಗೆಯ ಚಿತ್ರ ಬಂದರೆ ಮಲ್ಲಿಗೆ ಬಂದಂತಲ್ಲ; ಆದರೆ ಅದರ ವಾಸನೆ ಬರಬೇಕಾದರೆ ಏನೋ ಒಂದಿಷ್ಟು ದ್ರವ್ಯ, ಕಣ್ಣಿಗೆ ಕಾಣದಷ್ಟಾದರೂ, ನಮ್ಮ ಮೂಗಿನೊಳಗೆ ಬಂದು ಕೂರಲೇಬೇಕು. ನೋಡುವುದಕ್ಕೂ ಮೂಸುವುದಕ್ಕೂ ಇರುವ ಅಂತರ, ಬೀದಿಯಲ್ಲಿ ಹೋಗುವವನನ್ನು ಕಿಟಕಿಯಿಂದ ಕಾಣುವುದಕ್ಕೂ ಅವನನ್ನು ಮನೆಯೊಳಗೆ ಕರೆಯುವುದಕ್ಕೂ ಇರುವ ಅಂತರ.

ಕಾಫಿ, ಗುಲಾಬಿ, ಮೊದಲ ಮಳೆಯ ಮಣ್ಣು ಇವುಗಳ ಬಗ್ಗೆ ನನಗೆ ತಕರಾರಿಲ್ಲ. ಮಳೆಯ ಮಣ್ಣಿನ ಕಂಪನ್ನು ಕನೌಜಿನ ಅತ್ತರಿನವರು ಯಾವ ಪರದೆಯ ಹಂಗೂ ಇಲ್ಲದೆ ಶೀಶೆಗೆ ಇಳಿಸುತ್ತಾರೆ. ನನ್ನನ್ನು ಕಾಡಿದ್ದು ಸ್ನೇಹಿತರೊಬ್ಬರು ಎತ್ತಿದ ಪ್ರಶ್ನೆ. ಅವರು ಕೋಪಿಷ್ಠರು, ಆದರೆ ಅವರ ಕೋಪ ಸಾಮಾನ್ಯವಾಗಿ ನ್ಯಾಯದ ಕಡೆಗೇ ಇರುತ್ತದೆ. "ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುವುದನ್ನು ಟಿ.ವಿ.ಯಲ್ಲಿ ನೋಡುತ್ತೀರಿ. ನೋಡುತ್ತಲೇ ಉಪ್ಪಿಟ್ಟು ತಿನ್ನುತ್ತೀರಿ. ಆ ವಾಸನೆಯೂ ನಿಮ್ಮ ಹಜಾರಕ್ಕೆ ಬರಲಿ, ಸ್ವಾಮಿ! 1993ರಲ್ಲಿ ಒಂದು ಕಾನೂನಾಯಿತು, 2013ರಲ್ಲಿ ಇನ್ನೊಂದಾಯಿತು. ಕಾನೂನು ಮಾಡಲಾರದ್ದನ್ನು ಮೂಗು ಮಾಡೀತು."

ಮಾತು ತೆಗೆದುಹಾಕುವಂಥದ್ದಲ್ಲ. ಚಿತ್ರವು ಕೊಳಕನ್ನೂ ಚಂದ ಮಾಡಿಬಿಡುತ್ತದೆ. ಕೊಳೆಗೇರಿಯ ಮೇಲೆ ಸಂಜೆಬಿಸಿಲು ಬಿದ್ದರೆ ಛಾಯಾಗ್ರಾಹಕನಿಗೆ ಪ್ರಶಸ್ತಿ. ವಾಸನೆ ಇಂಥ ಒಳಸಂಚಿಗೆ ಸುಲಭವಾಗಿ ಸೇರುವುದಿಲ್ಲ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ.

ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ 1984ರಲ್ಲಿ ತೆರೆದ ಯೋರ್ವಿಕ್ ಪ್ರದರ್ಶನದಲ್ಲಿ ವೈಕಿಂಗರ ಕಾಲದ ಊರನ್ನು ಕಟ್ಟಿ, ಅದರ ಪಾಯಿಖಾನೆಯ ದುರ್ನಾತವನ್ನೂ ಕೂಡಿಸಿದ್ದಾರೆ. ಜನ ಹಣ ಕೊಟ್ಟು ಹೋಗುತ್ತಾರೆ, ಮೂಗು ಮುಚ್ಚಿಕೊಂಡು ನಗುತ್ತಾರೆ. ಸಾವಿರ ವರ್ಷದ ಹಿಂದಿನವರ ಹೊಲಸು ನಮಗೆ ವಿನೋದ; ಅದಿರಲಿ, ನೋಯಲು ಅವರು ಯಾರೂ ಇಲ್ಲ. ಬದುಕಿರುವವರ ವಿಷಯ ಬೇರೆ. ಹೇಸಿಗೆ ಎಂಬ ಭಾವಕ್ಕೆ ಹೊಲಸನ್ನೂ ಅದರ ಪಕ್ಕದಲ್ಲಿ ನಿಂತವನನ್ನೂ ಬೇರೆಮಾಡಿ ನೋಡುವ ವಿವೇಕ ಕಡಿಮೆ. ಈ ದೇಶದಲ್ಲಂತೂ ಅದರ ಚರಿತ್ರೆ ನಮಗೆ ಚೆನ್ನಾಗಿ ಗೊತ್ತಿದೆ. ಬಾವಿ, ಬೀದಿ, ದೇವಸ್ಥಾನ ಎಲ್ಲವನ್ನೂ ಆ ಭಾವದಿಂದಲೇ ಗೆರೆ ಎಳೆದು ಭಾಗ ಮಾಡಿಕೊಂಡೆವು. ಕನಿಕರವನ್ನು ಎಬ್ಬಿಸಲು ಹೋಗಿ ಆ ಹಳೆಯ ಭಾವವನ್ನೇ ಮನೆಮನೆಗೂ ಹಂಚಿದರೆ? ನಮ್ಮ ಭಾಷೆ ಮೂಗಿಗೆ ಬಂದದ್ದಕ್ಕೂ, ಮನಸ್ಸಿನಲ್ಲಿ ಬೇರು ಬಿಟ್ಟ ಸಂಸ್ಕಾರಕ್ಕೂ 'ವಾಸನೆ' ಎಂಬ ಒಂದೇ ಮಾತನ್ನಿಟ್ಟಿದೆ. ಮೊದಲನೆಯದು ಕೆಲವೇ ನಿಮಿಷಗಳಲ್ಲಿ ಮೂಗಿಗೆ ಒಗ್ಗಿ ಮರೆತುಹೋಗುತ್ತದೆ, ಎರಡನೆಯದು ಹಾಗಲ್ಲ.

ಇನ್ನೂ ಒಂದು ಸಂಗತಿಯಿದೆ. ಆ ಗುಂಡಿಗಳಲ್ಲಿ ಪ್ರಾಣ ತೆಗೆಯುವ ಅನಿಲಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಮುಖ್ಯವಾದದ್ದು. ಅಲ್ಪವಾಗಿದ್ದಾಗ ಅದಕ್ಕೆ ಕೊಳೆತ ಮೊಟ್ಟೆಯ ನಾತ. ಸಾಂದ್ರತೆ ಏರಿದಾಗ ಅದು ಮೊದಲು ಮೂಗಿನ ಶಕ್ತಿಯನ್ನೇ ಕುಗ್ಗಿಸಿಬಿಡುತ್ತದೆ. ಒಳಗಿಳಿದವನಿಗೆ ನಾತ ನಿಂತುಹೋದಂತೆ ತೋರುತ್ತದೆ. ಅಪಾಯ ಹೆಚ್ಚಿದ ಗಳಿಗೆಯಲ್ಲೇ ಎಚ್ಚರಿಕೆ ಇಲ್ಲವಾಗುತ್ತದೆ. ಆ ಗಳಿಗೆಯನ್ನು ಯಾವ ಯಂತ್ರ ನನ್ನ ಹಜಾರಕ್ಕೆ ತಂದೀತು? ಅದು ತರುವುದು ನಾತವನ್ನು. ಅವನನ್ನು ಕೊಂದದ್ದು ನಾತವಿಲ್ಲದ ಗಾಳಿ.

ಇದನ್ನು ಸ್ನೇಹಿತರಿಗೆ ಹೇಳಿದೆ. ಇನ್ನೊಂದು ಮಾತನ್ನೂ ಸೇರಿಸಿದೆ. ಅಂಥ ಕೆಲಸ ಮುಗಿಸಿದವನು ಮನೆಗೆ ಹೋಗುವ ಮುನ್ನ ಸೋಪು ಹಚ್ಚಿ ಉಜ್ಜಿ ಉಜ್ಜಿ ಮೈ ತೊಳೆದುಕೊಳ್ಳುತ್ತಾನೆ. ತನ್ನ ಮಕ್ಕಳ ಹತ್ತಿರ ಆ ವಾಸನೆ ಸುಳಿಯಬಾರದೆಂದು. ಅವನು ಅಷ್ಟು ಕಷ್ಟಪಟ್ಟು ಕೆಲಸದ ಜಾಗದಲ್ಲೇ ಬಿಟ್ಟುಬಂದದ್ದನ್ನು, ಅವನನ್ನು ಒಂದು ಮಾತೂ ಕೇಳದೆ, ಹತ್ತು ಲಕ್ಷ ಮನೆಗಳಿಗೆ ಅವನ ಮುಖದ ಜೊತೆಗೆ ಕಳಿಸಲು ನಾವು ಯಾರು?

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನೇ ಒಪ್ಪಿದರೆ?" ಎಂದರು.

ಒಪ್ಪಿದರೆ ನನ್ನ ಆಕ್ಷೇಪಣೆಯಲ್ಲಿ ಅರ್ಧ ಬಿದ್ದುಹೋಗುತ್ತದೆ, ಅದನ್ನು ಹೇಳಿದೆ. ಉಳಿದರ್ಧಕ್ಕೆ ಅವರನ್ನು ಕಿಟಕಿಯ ಹತ್ತಿರ ಕರೆದೆ. ನಮ್ಮ ಬೀದಿಯ ಮ್ಯಾನ್‌ಹೋಲಿನ ಮುಚ್ಚಳ ಅಲ್ಲಿಂದ ಕಾಣುತ್ತದೆ. ಕಟ್ಟಿಕೊಂಡ ದಿನ ವಾಸನೆಯೂ ಬರುತ್ತದೆ. ಆಗ ನಮ್ಮ ಬೀದಿಯವರು ಮಾಡುವುದು ಕಿಟಕಿ ಹಾಕಿಕೊಂಡು ನಗರಪಾಲಿಕೆಗೆ ಫೋನು ಮಾಡಿ, "ಬೇಗ ಯಾರನ್ನಾದರೂ ಕಳಿಸಿ" ಎನ್ನುವುದು.