ನಿರ್ಜನ ತೀರ ಮತ್ತು ಪ್ರಸಾದಬುದ್ಧಿ

ಗೋಕರ್ಣದ ದಕ್ಷಿಣಕ್ಕೆ, ಓಂ ಕಡಲತೀರವನ್ನು ದಾಟಿ ಬಂಡೆಗುಡ್ಡಗಳ ಕಾಲುದಾರಿ ಹಿಡಿದರೆ ಅರ್ಧಚಂದ್ರಾಕಾರದ ಪುಟ್ಟ ಮರಳತೀರವೊಂದು ದೊರೆಯುತ್ತದೆ. ಅಲ್ಲಿಗೆ ವಾಹನಮಾರ್ಗವಿಲ್ಲ, ಕಾಲ್ನಡಿಗೆ ಇಲ್ಲವೆ ದೋಣಿಯೇ ಗತಿ. ಆ ದುರ್ಗಮತೆಯೇ ಅದನ್ನು ಇಷ್ಟಾದರೂ ಕಾಪಾಡಿದೆ.

ಇಲ್ಲೊಂದು ಧರ್ಮಜಿಜ್ಞಾಸೆ ಏಳುತ್ತದೆ. ಏಕಾಂತವನ್ನು ಅರಸಿ ಹೋದವನ ಹೆಜ್ಜೆಯೇ ಆ ಏಕಾಂತವನ್ನು ಕದಡುತ್ತದೆಯಲ್ಲವೆ? ಯಾರೂ ಹೋಗಬಾರದೆಂದರೆ ಸೃಷ್ಟಿಯ ಚೆಲುವಿಗೆ ಬೇಲಿ ಹಾಕಿದಂತೆ. ಎಲ್ಲರೂ ಮನಬಂದಂತೆ ಹೋಗಲೆಂದರೆ ಅದು ಯಾರ ಪಾಲಿಗೂ ಉಳಿಯದು.

ಉತ್ತರ ಕನ್ನಡದ ಮರಳದಂಡೆಗಳಿಗೆ ಚಳಿಗಾಲದ ಇರುಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಹೊರಬಂದ ಮರಿಗಳು ಕಡಲಿನ ಮೇಲಣ ಮಂದ ಬೆಳಕನ್ನೇ ಗುರುತಾಗಿಸಿಕೊಂಡು ನೀರಿನತ್ತ ಸಾಗುತ್ತವೆ. ದಡದಲ್ಲಿ ನಾವು ಹಚ್ಚಿದ ದೀಪ ಅವುಗಳ ದಾರಿ ತಪ್ಪಿಸುತ್ತದೆ. ಮಂಗಳಕರವೆಂದು ನಾವು ಬಗೆಯುವ ದೀಪವೂ ಅಲ್ಲಿ ಹಿಂಸೆಯಾಗುತ್ತದೆ!

ಶರಣರು ಪದಾರ್ಥಕ್ಕೂ ಪ್ರಸಾದಕ್ಕೂ ಭೇದವನ್ನು ಕಂಡರು. ಭೋಗಬುದ್ಧಿಯಿಂದ ಕೊಂಡದ್ದು ಪದಾರ್ಥ. ಅರ್ಪಿಸಿ ಸ್ವೀಕರಿಸಿದ್ದು ಪ್ರಸಾದ. ಪ್ರಸಾದವನ್ನು ಭಕ್ತನು ಚೆಲ್ಲುವುದಿಲ್ಲ, ತನ್ನದೆಂದು ಕೂಡಿಡುವುದೂ ಇಲ್ಲ. ತೀರವನ್ನೂ ಹಾಗೆಯೇ ಸ್ವೀಕರಿಸಬೇಕು: ಕಸವನ್ನು ಬಿಡದೆ, ಚಿಪ್ಪನ್ನು ತಾರದೆ, ಇರುಳನ್ನು ಇರುಳಾಗಿಯೇ ಇರಗೊಟ್ಟು. ಆದ್ದರಿಂದ ಹೋಗಬಹುದೇ ಎಂಬುದಕ್ಕಿಂತ ಹೇಗೆ ಹೋಗಬೇಕೆಂಬುದೇ ಮುಖ್ಯ ಪ್ರಶ್ನೆ. ಆ ಸಂಯಮ ಇನ್ನೂ ಅಳವಡದವನು ಹೋಗದೆ ಉಳಿಯುವುದೂ ಒಂದು ಅರ್ಪಣೆಯೇ.