ಸಂದೇಶ ಕಳುಹಿಸಿದರೆ ಕರ್ತವ್ಯ ಮುಗಿಯಿತೇ?



ನಿಮ್ಮಲ್ಲಿ ಅನೇಕರ ಮನೆಯ ಹೆಣ್ಣುಮಕ್ಕಳು ಊರಿನಲ್ಲೋ ಪರದೇಶದಲ್ಲೋ ದಾದಿಯರಾಗಿ ದುಡಿಯುತ್ತಿದ್ದಾರೆ. ಅಂಥ ಒಬ್ಬಳನ್ನು ಮನಸ್ಸಿಗೆ ತಂದುಕೊಳ್ಳಿ. ತೀವ್ರ ನಿಗಾ ಘಟಕದಲ್ಲಿ ರಾತ್ರಿ ಪಾಳಿ, ಗಂಟೆ ಎರಡು. ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ ಏರಿದೆಯೆಂಬ ವರದಿ ಬಂದಿದೆ. ಅದು ಮಿತಿಮೀರಿದರೆ ಹೃದಯವೇ ನಿಂತುಬಿಡಬಹುದು. ಹಿಂದೆ ಆಕೆ ವೈದ್ಯರ ಕೋಣೆಗೆ ಓಡಬೇಕಿತ್ತು. ಈಗ ವರದಿಯ ಫೋಟೊ ತೆಗೆದು ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹಾಕುತ್ತಾಳೆ. ಅಲ್ಲಿಗೆ ಆಕೆಯ ಕರ್ತವ್ಯ ಮುಗಿಯಿತೇ?

ಯಂತ್ರವನ್ನು ಶಪಿಸುವುದು ನಮ್ಮಂಥ ಉಪದೇಶಕರಿಗೆ ಬಲು ಸುಲಭ. ನಾನು ಶಪಿಸುವುದಿಲ್ಲ. 2020ರ ಕೊರೋನ ದಿನಗಳಲ್ಲಿ ಒಳಗಿದ್ದ ರೋಗಿಯ ಮುಖವನ್ನು ಹೊರಗಿದ್ದ ಮನೆಯವರಿಗೆ ತೋರಿಸಿದ್ದು, ಎಷ್ಟೋ ಮಂದಿಗೆ ಕಡೆಯ ಮಾತು ಕೇಳಿಸಿದ್ದು ಇದೇ ಫೋನು.

ಆದರೆ ತಿಳಿಸುವುದು ಬೇರೆ, ಒಪ್ಪಿಸುವುದು ಬೇರೆ. ತಿಳಿಸಲು ಒಬ್ಬರು ಸಾಕು, ಒಪ್ಪಿಸಲು ಇಬ್ಬರು ಬೇಕು. ಕೊಡುವ ಕೈ ಇದ್ದಂತೆ ತೆಗೆದುಕೊಳ್ಳುವ ಕೈಯೂ ಇರಬೇಕು. ಗುಂಪಿನಲ್ಲಿ ಇಪ್ಪತ್ತು ಮಂದಿ ಇದ್ದರೆ ಆ ಕೈ ಯಾರದು? ಹತ್ತು ಮಂದಿ ಸೇರಿದಲ್ಲಿ ಹಾವು ಸಾಯದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದಿದೆ. ಬೇರೆ ಬೇರೆ ಕೋಣೆಗಳಲ್ಲಿ ಕೂತ ವಿದ್ಯಾರ್ಥಿಗಳಿಗೆ, ಯಾರಿಗೋ ಫಿಟ್ಸ್ ಬಂದಂಥ ಸದ್ದನ್ನು ಇಂಟರ್‌ಕಾಮಿನಲ್ಲಿ ಕೇಳಿಸಿದರು. ತಾನೊಬ್ಬನೇ ಕೇಳುತ್ತಿದ್ದೇನೆ ಎಂದುಕೊಂಡವರಲ್ಲಿ ಶೇಕಡ 85 ಮಂದಿ ಆ ಸದ್ದು ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು ಶೇಕಡ 31 ಮಾತ್ರ. ಅವರು ಕಲ್ಲೆದೆಯವರಲ್ಲ, ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ ಎಂದುಕೊಂಡರು, ಅಷ್ಟೇ.

ಲೂಕನ ಶುಭಸಂದೇಶದ ಸಮಾರಿಯದವನನ್ನು ನೋಡಿ. ಗಾಯಾಳುವನ್ನು ಛತ್ರದ ಬಾಗಿಲಲ್ಲಿ ಇಳಿಸಿ ಅವನು ಹೊರಟುಹೋಗಲಿಲ್ಲ. ರಾತ್ರಿಯೆಲ್ಲ ಆರೈಕೆ ಮಾಡಿ, ಮರುದಿನ ಛತ್ರದವನ ಕೈಗೇ ಹಣ ಕೊಟ್ಟು ಒಪ್ಪಿಸಿದ. ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ಕೊಡುತ್ತೇನೆ ಎಂದೂ ಹೇಳಿದ. ಒಳ್ಳೆಯ ಆಸ್ಪತ್ರೆಗಳಲ್ಲಿ ಇದಕ್ಕೆ ಹೋಲುವ ಒಂದು ರೂಢಿಯಿದೆ. ಫೋನಿನಲ್ಲಿ ಕೇಳಿಸಿಕೊಂಡವರು ರೋಗಿಯ ಹೆಸರನ್ನೂ ಅಂಕಿಯನ್ನೂ ತಿರುಗಿ ಹೇಳಬೇಕು. ಹೇಳಿದವರು ಸರಿ ಎನ್ನಬೇಕು. ವಾಟ್ಸಾಪಿನ ಎರಡು ನೀಲಿ ಗೆರೆಗಳು ಈ ಕೆಲಸ ಮಾಡಲಾರವು. ಸಂದೇಶವನ್ನು ತೆರೆದದ್ದಕ್ಕೆ ಅವು ಗುರುತು, ಹೊಣೆ ಹೊತ್ತದ್ದಕ್ಕಲ್ಲ.

ಹಾಗಾದರೆ ದಾದಿ ನೇರವಾಗಿ ಫೋನ್ ಮಾಡಬಾರದೇ ಎಂದು ನೀವು ಕೇಳಬಹುದು. ಮಾಡಬೇಕು, ನಿಜ. ಆದರೆ ನಡುರಾತ್ರಿ ಎಬ್ಬಿಸಿದ್ದಕ್ಕೆ ಒಮ್ಮೆ ಗದರಿಸಿಕೊಂಡವಳು ಮತ್ತೊಮ್ಮೆ ಎಬ್ಬಿಸಲು ಹಿಂಜರಿಯುತ್ತಾಳೆ. ಸಂದೇಶ ಗದರಿಸುವುದಿಲ್ಲವಲ್ಲ! ಹೀಗೆ ಅವಳು ಫೋನಿನ ಮರೆಯಲ್ಲಿ ನಿಂತರೆ, ಅಲ್ಲಿಗೆ ಅವಳನ್ನು ತಳ್ಳಿದವರೂ ಆ ರೋಗಿಯ ವಿಷಯದಲ್ಲಿ ಉತ್ತರ ಕೊಡಬೇಕಾದವರೇ. ನಿಮ್ಮ ಮನೆಯಲ್ಲಿ ಡಾಕ್ಟರ್ ಮಗನಿದ್ದರೆ ಇದಿಷ್ಟನ್ನು ಅವನಿಗೂ ಓದಿ ಹೇಳಿ.